ನಾಲ್ಕು ಹತ್ತಕ್ಕೆ ಆಫ್ ಆಗುವ ಕಂಪ್ಯೂಟರ್

ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವನಿಗೆ ಕರೆಂಟಿನ ವಿಷಯ ಹೇಳೋಕೆ ಹೋಗೋದು ಅಂದ್ರೆ ಮೀನಿಗೆ ಈಜು ಕಲಿಸಿದಂಗೆ. ರಿಟೈರ್ ಆದ ಗಂಗಯ್ಯನ ವಾದ ಇದೇ. ಮಧುಗಿರಿಯಲ್ಲಿ ಮೋಹನ್ ಕುಮಾರನ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತುಕೊಂಡು, ಎರಡು ಕೈಯಲ್ಲಿ ಎರಡು ಪವರ್ ಸಪ್ಲೈ ಹಿಡಿದು, ಸಂತೆಯಲ್ಲಿ ಕೋಳಿ ತೂಗಿ ನೋಡುವವರ ಹಾಗೆ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದ.

ಪವರ್ ಸಪ್ಲೈ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು, ಗೋಡೆಯ ಕರೆಂಟನ್ನು ಹದ ಮಾಡಿ ಮಿಕ್ಕ ಭಾಗಗಳಿಗೆ ಹಂಚುವ ತಗಡಿನ ಡಬ್ಬ. ಅದು ಕೈಕೊಟ್ಟರೆ ಉಳಿದದ್ದೆಲ್ಲ ಢಮಾರ್.

"ಇದನ್ನ ತಗೋ ಮಗಾ. ತೂಕ ನೋಡು ಹೆಂಗೈತೆ! ತೂಕ ಐತೆ ಅಂದ್ರೆ ಒಳಗೆ ತಾಮ್ರ ಐತೆ. ಟ್ರಾನ್ಸ್‌ಫಾರ್ಮರ್ ಆದ್ರೂ ಅಷ್ಟೇ, ಇದಾದ್ರೂ ಅಷ್ಟೇ."

"ಅಪ್ಪಾ, ಅದು ಬರೀ ಡಬ್ಬದ ಮೇಲೆ ಐನೂರು ವ್ಯಾಟ್ ಅಂತ ಬರ್ಕೊಂಡೈತೆ ಅಷ್ಟೇ," ಅಂದಳು ಮಗಳು ಸಂಘಮಿತ್ರಾ. "ಈ ಹಗುರದ್ದು ನಾನೂರೈವತ್ತೇ. ಆದ್ರೆ ಟೆಸ್ಟ್ ಮಾಡಿರೋ ಸರ್ಟಿಫಿಕೇಟ್ ಐತೆ, ಐದು ವರ್ಷ ಗ್ಯಾರಂಟಿ ಐತೆ."

ಸಂಘಮಿತ್ರಾ ಪಾವಗಡದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಕೆಲಸ ಮುಗಿಸಿ ಬಂದು ಕಂಪ್ಯೂಟರಲ್ಲಿ ಆಟಕ್ಕೆ ಕೂತರೆ ಅವಳ ಕೈಗೆ ಎದುರಾಳಿ ಸಿಗಬೇಕಷ್ಟೆ. ಮುಂದಿನ ಭಾನುವಾರ ಮೂರರಿಂದ ಐದರವರೆಗೆ ಆ ಆಟದ ಒಂದು ದೊಡ್ಡ ಟೀಮಿಗೆ ಆನ್‌ಲೈನಲ್ಲೇ ಆಯ್ಕೆ ಇತ್ತು. ಮಧ್ಯದಲ್ಲಿ ಒಂದೇ ಒಂದು ಸಲ ಮೆಷಿನ್ ಆಫ್ ಆಯಿತೋ, ಔಟ್. ಎರಡನೇ ಅವಕಾಶ ಇಲ್ಲ. ಅದಕ್ಕೇ ಒಂದೊಂದೇ ಭಾಗ ಕೂಡಿಹಾಕಿ ಹೊಸ ಮೆಷಿನ್ ಕಟ್ಟುತ್ತಿದ್ದಳು, ಒಂದು ವಾರ ರಜೆಯನ್ನೂ ಹಾಕಿದ್ದಳು.

"ಯಜಮಾನ್ರೇ, ಮಗಳ ಮಾತು ಕೇಳಿ," ಅಂದ ಮೋಹನ್ ಕುಮಾರ. "ಒಳ್ಳೇ ಸಪ್ಲೈ ತೊಂದ್ರೆ ಬಂದಾಗ ತಾನು ಆಫ್ ಆಗಿ ಜೊತೇಲಿರೋರ್ನ ಉಳಿಸುತ್ತೆ. ಕೆಟ್ಟದ್ದು ಜೊತೇಲಿರೋರ್ನ ಸುಟ್ಟಾಕುತ್ತೆ."

ಅಂಗಡಿಯವನು ಡಬ್ಬದ ವಿಷಯ ಹೇಳಿದ್ದು ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಗಂಗಯ್ಯನ ಮುಖ ಕಪ್ಪಿಟ್ಟಿತು. "ನನಗೇ ಹೇಳ್ತೀಯೇನಯ್ಯಾ? ಭಾರದ್ದೇ ಕೊಡು. ಭಾನುವಾರ ಇದು ಆಫ್ ಆದ್ರೆ ನನ್ ಹೆಸರು ಗಂಗಯ್ಯನೇ ಅಲ್ಲ," ಅಂತ ರೇಗಿದ. ಅಪ್ಪನ ಮೊಂಡುತನ ಗೊತ್ತಿದ್ದ ಹುಡುಗಿ ಪರ್ಸು ತೆಗೆದು ದುಡ್ಡು ಎಣಿಸಿಕೊಟ್ಟಳು.

ವಳ್ಳೂರಿನ ಆಚೆ, ಪಾವಗಡದ ಸೋಲಾರ್ ಪಾರ್ಕಿನ ಹಲಗೆಗಳು ಮುಗಿಯುವ ಕಡೆ ಅವರ ಊರು. ಬುದ್ಧನ ಫೋಟೊದ ಕೆಳಗೆ ಟೇಬಲ್ ಹಾಕಿ ಮೆಷಿನ್ ಇಟ್ಟರು. ಸೋಮವಾರ ಚೆನ್ನಾಗಿ ಓಡಿತು, ಸಾಯಂಕಾಲ ಟಕ್ ಅಂತ ನಿಂತಿತು. ಮನೆಯ ಬಲ್ಬು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಕರೆಂಟ್ ಹೋದರೆ ಇರಲಿ ಅಂತ ಇಟ್ಟಿದ್ದ ಯುಪಿಎಸ್ಸೂ ಸರಿ ಇತ್ತು. ಮೆಷಿನ್ ಮಾತ್ರ ಸತ್ತಿತ್ತು. ಮಂಗಳವಾರವೂ ಹಾಗೇ ಆಯಿತು, ಬುಧವಾರವೂ.

"ಅಪ್ಪಾ, ಒಂದ್ ವಿಚಿತ್ರ ನೋಡು. ಮೂರು ದಿನಾನೂ ಸರಿಯಾಗಿ ನಾಲ್ಕೂ ಹತ್ತಕ್ಕೇ ಆಫ್ ಆಗೈತೆ."

ಗಂಗಯ್ಯನ ಮುಂಗೈ ಕೂದಲೆಲ್ಲ ನಿಮಿರಿ ನಿಂತವು, ದೊಡ್ಡ ಲೈನಿನ ಕೆಳಗೆ ನಿಂತಾಗ ನಿಲ್ಲುವ ಹಾಗೆ. ಆ ಹೊತ್ತು ಅವನಿಗೆ ಹೊಸದಲ್ಲ.

ಏಳು ವರ್ಷದ ಹಿಂದೆ ನಡೆದದ್ದು. ಕಂಬ ಹತ್ತುವ ಮುಂಚೆ ಲೈನ್‌ಮನ್ ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟ್ ನಿಲ್ಲಿಸಿಕೊಳ್ಳುತ್ತಾನೆ, ಅದಕ್ಕೆ ಲೈನ್ ಕ್ಲಿಯರ್ ಅಂತಾರೆ. ತಗೊಂಡವನೇ ವಾಪಸ್ ಕೊಡಬೇಕು, ಅದೂ ಎಲ್ಲರೂ ಇಳಿದ ಮೇಲೆ; ಕೊಟ್ಟ ಕೂಡಲೇ ಸ್ಟೇಷನ್ನಿನವರು ಮತ್ತೆ ಕರೆಂಟ್ ಬಿಡುತ್ತಾರೆ. ಅವತ್ತು ತಗೊಂಡವನು ಗಂಗಯ್ಯ. ಜೊತೆಗಾರ ರೇಣುಕಯ್ಯ ತನ್ನ ಮನೆಯ ಹಿಂದಿನ ಹೊಲದ ಕಂಬದಲ್ಲಿದ್ದ, ಗಂಗಯ್ಯ ಇನ್ನೊಂದರಲ್ಲಿ. ನಡುವೆ ಹುಣಸೆ ಮರ ಅಡ್ಡ. ಗಂಗಯ್ಯ ಇಳಿದ, ಬೀಡಿ ಹಚ್ಚಿದ, ರೇಣುಕನೂ ಇಳಿದಿರುತ್ತಾನೆ ಅಂದುಕೊಂಡು ಫೋನ್ ಮಾಡಿ "ವಾಪಸ್" ಅಂದ. ಆಗ ನಾಲ್ಕೂ ಹತ್ತು.

ವಿಚಾರಣೆಗೆ ಬಂದವರ ಮುಂದೆ ಗಂಗಯ್ಯ ಹೇಳಿದ್ದು ಒಂದೇ ಮಾತು: "'ಇಳ್ದೆ ಕಣಣ್ಣ' ಅಂತ ಅವನೇ ಕೂಗಿದ ಸಾರ್, ಅದಕ್ಕೇ ಕೊಟ್ಟೆ." ಸತ್ತವನು ಎದ್ದು ಬಂದು ಇಲ್ಲ ಅಂತಾನಾ? ತಪ್ಪು ರೇಣುಕಯ್ಯನದೇ ಅಂತ ಬರೆದು ಮುಗಿಸಿದರು. ಅಲ್ಲಿಂದಾಚೆ ದಿನಾ ಬೆಳಿಗ್ಗೆ ಪಂಚಶೀಲ ಹೇಳುವಾಗ, ನಾಲ್ಕನೆಯದಕ್ಕೆ, ಸುಳ್ಳಾಡುವುದಿಲ್ಲ ಅನ್ನುವಲ್ಲಿಗೆ ಬಂದರೆ ಗಂಗಯ್ಯನಿಗೆ ಕೆಮ್ಮು ಬರುತ್ತದೆ. ಮಗಳು ಶುಂಠಿ ಕಷಾಯ ಮಾಡಿಕೊಡುತ್ತಾಳೆ.

ಗುರುವಾರ ಅವನು ಸ್ಕ್ರೂ ಬಿಚ್ಚಿ ಭಾರದ ಡಬ್ಬ ತೆರೆದ. ಒಳಗೆ ತಾಮ್ರ ಎಲ್ಲಿ ಬರಬೇಕು! ತೂಕಕ್ಕೆ ಅಂತ ಒಂದು ಸಿಮೆಂಟಿನ ಗಟ್ಟಿ ಅಂಟಿಸಿದ್ದರು. ಗಂಗಯ್ಯನಿಗೆ ಅವಮಾನಕ್ಕಿಂತ ನೆಮ್ಮದಿಯೇ ಜಾಸ್ತಿ ಆಯಿತು. "ಥೂ ಕಳ್ಳನನ್ಮಕ್ಳಾ! ಎಲ್ಲಾ ಇದ್ರದ್ದೇ ಕಿತಾಪತಿ ಕಣಮ್ಮ," ಅಂತ ನಕ್ಕ. ಶುಕ್ರವಾರ ಮೊದಲ ಬಸ್ಸಿಗೇ ಮಧುಗಿರಿಗೆ ಹೋಗಿ, ಮೋಹನ್ ಕುಮಾರನ ಕೈಲಿ ಬೈಸಿಕೊಂಡು, ಮಗಳು ಹೇಳಿದ ಹಗುರದ್ದನ್ನೇ ತಂದ.

ಶನಿವಾರ ಇಬ್ಬರೂ ಮೆಷಿನ್ನಿನ ಮುಂದೆ ಕೂತರು. ನಾಲ್ಕಾಯಿತು. ನಾಲ್ಕೂ ಐದು. ನಾಲ್ಕೂ ಒಂಬತ್ತು.

ಟಕ್.

ಸಂಘಮಿತ್ರಾಳ ಕಣ್ಣಲ್ಲಿ ನೀರು ಬಂತು. ಗಂಗಯ್ಯ ಪ್ಲಗ್ ಕಿತ್ತು ಕೈಲಿ ಹಿಡಿದುಕೊಂಡ. ವೈರಿನ ತುದಿ ಅವನ ಕೈಲೇ ಇತ್ತು. ಆದರೂ ಸಪ್ಲೈಯ ಪುಟ್ಟ ಫ್ಯಾನು ಮೆಲ್ಲಗೆ ಒಂದು ಸುತ್ತು ತಿರುಗಿತು. ನಿಂತಿತು. ಮತ್ತೊಂದು ಸುತ್ತು ತಿರುಗಿತು.

"ಅಪ್ಪಾ..." ಹುಡುಗಿ ತಲೆಯ ಮೇಲಿನ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. "ಯಾರೋ ಮಾತಾಡ್ತವ್ರೆ. ನಿನ್ನ ಹೆಸರು ಹೇಳ್ತವ್ರೆ."

ಗಂಗಯ್ಯ ಅದನ್ನು ಕಿತ್ತುಕೊಂಡು ಕಿವಿಗೆ ಹಾಕಿಕೊಂಡ. ಮೊದಲು ಗಾಳಿಯ ಸದ್ದು, ಎತ್ತರದಲ್ಲಿ ಬೀಸುವ ಗಾಳಿ. ಆಮೇಲೆ ಏಳು ವರ್ಷದಿಂದ ಕೇಳದ ದನಿ.

"ಗಂಗಣ್ಣಾ, ಲೈನ್ ಕ್ಲಿಯರ್ ವಾಪಸ್ ಕೊಟ್ಬುಟ್ಯೇನಣ್ಣಾ? ನಾನಿನ್ನೂ ಮ್ಯಾಲೇ ಇವ್ನಿ ಕಣಣ್ಣ."

ಅಯ್ಯೋ ಜೀವವೇ! ಆ ರಾತ್ರಿ ಅವನು ಮುದ್ದೆ ಮುಟ್ಟಲಿಲ್ಲ. ಇನ್ನು ಯಾವ ಅಂಗಡಿಯ ಯಾವ ಡಬ್ಬ ತಂದರೂ ಇದು ನಿಲ್ಲುವುದಿಲ್ಲ ಅಂತ ಅವನಿಗೆ ಗೊತ್ತಾಗಿತ್ತು. ತಾನು ನುಂಗಿಕೊಂಡ ಮಾತಿಗೆ ಮಗಳ ಆಟ ಹೋಗುತ್ತದೆ ಅಂತಲೂ ಗೊತ್ತಾಗಿತ್ತು.

ಭಾನುವಾರ ಮೂರಕ್ಕೆ ಮಗಳು ಆಟಕ್ಕೆ ಕೂತಳು. ನಾಲ್ಕೂ ಐದಕ್ಕೆ ಗಂಗಯ್ಯ ಊರಾಚೆಯ ರಾಮಾಂಜಿನಮ್ಮನ ಮನೆಯ ಮುಂದೆ ನಿಂತಿದ್ದ. ರೇಣುಕಯ್ಯನ ಹೆಂಡತಿ. ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

"ಏನಣ್ಣಾ, ಅಪರೂಪಕ್ಕೆ ಈ ಕಡೆ?"

ಕೂರು ಅಂದರೂ ಅವನು ಕೂರಲಿಲ್ಲ. ನಿಂತೇ ಹೇಳಿದ. "ರೇಣುಕ ಅವತ್ತು 'ಇಳ್ದೆ' ಅನ್ನಲಿಲ್ಲ ಕಣಮ್ಮ. ನಾನು ಕೇಳ್ಲೂ ಇಲ್ಲ. ಮರ ಅಡ್ಡ ಇತ್ತು, ಹತ್ತು ಹೆಜ್ಜೆ ಹೋಗಿ ನೋಡಿದ್ರೆ ಆಗ್ತಿತ್ತು. ನೋಡ್ದೆ ಕೊಟ್ಬುಟ್ಟೆ. ಆಮೇಲೆ ಸತ್ತೋನ ತಲೆ ಮೇಲೇ ತಪ್ಪು ಹೊರಿಸ್ದೆ."

ಕಡಲೆಕಾಯಿ ಸುಲಿಯುವ ಕೈ ನಿಂತಿತು.

"ಏಳು ವರ್ಷ," ಅಂದಳು. "ಮೈಮೇಲೆ ಗ್ಯಾನ ಇಲ್ದೋನು, ನನ್ನ ನಡುನೀರಲ್ಲಿ ಬುಟ್ಟೋದ ಅಂತ ಏಳು ವರ್ಷ ಅವಯ್ಯನ್ನ ಬೈದಿದೀನಿ ಕಣಣ್ಣ. ನಿನ್ ಬಾಯಿಗೆ ಮಣ್ಣಾಕ."

ಗಂಗಯ್ಯ ತಲೆ ತಗ್ಗಿಸಿದ. ಬೈದದ್ದು ಕಮ್ಮಿಯೇ ಅನ್ನಿಸಿತು.

ಅವಳು ಗೋಡೆ ಗಡಿಯಾರ ನೋಡಿ ಎದ್ದಳು. ನಾಲ್ಕೂ ಒಂಬತ್ತು. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿಗೆ ಕೈ ಹಾಕಿದಳು.

"ಏನ್ಮಾಡ್ತಿದೀಯಮ್ಮಾ?"

"ದಿನಾ ಮಾಡೋದೇ. ಈ ಹೊತ್ತಿಗೆ ಇದನ್ನ ಕೆಳಕ್ಕೆ ಎಳೀತೀನಿ. ಕರೆಂಟ್ ಇಲ್ದಿದ್ರೆ ಅವಯ್ಯ ಇಳೀತಾನೇನೋ ಅಂತ. ಒಂದ್ಗಳಿಗೆ ಕಾಯ್ತೀನಿ. ಇಳಿಯಕಿಲ್ಲ." ಸ್ವಿಚ್ ಕೆಳಕ್ಕೆ ಬಿತ್ತು. ಮನೆಯೊಳಗಿನ ಬಲ್ಬು ಆರಿತು. "ಕ್ಲಿಯರ್ ತಗೊಂಡೋನೇ ವಾಪಸ್ ಕೊಡ್ಬೇಕು ಅಂತ ಅವಯ್ಯನೇ ಹೇಳ್ತಿದ್ದ. ನಾನು ತಗೊಂಡೋಳಲ್ಲ. ಹೋಗು. ಅವತ್ತು ನೋಡ್ಲಿಲ್ವಲ್ಲ, ಇವತ್ತು ನೋಡು."

ಗಂಗಯ್ಯ ಹಿಂದಿನ ಹೊಲಕ್ಕೆ ಹೋದ. ಹುಣಸೆ ಮರ ದಾಟಿದ. ಎಣಿಸಿದರೆ ಹತ್ತು ಹೆಜ್ಜೆಯೂ ಇರಲಿಲ್ಲ. ಕಂಬದ ಮೇಲೆ ಯಾರೂ ಇಲ್ಲ. ಒಂದೆಲೆಯೂ ಅಲುಗುವಷ್ಟು ಗಾಳಿ ಇರಲಿಲ್ಲ, ಆದರೂ ಒಂದು ತಂತಿ ಮಾತ್ರ ಯಾರೋ ಹಿಡಿದುಕೊಂಡ ಹಾಗೆ ನಡುಗುತ್ತಿತ್ತು. ಅವನ ಮುಂಗೈ ಕೂದಲು ನಿಮಿರಿದವು.

"ರೇಣುಕಾ," ಅಂತ ಮೇಲೆ ನೋಡಿ ಕೂಗಿದ. "ಇಳಿಯಪ್ಪಾ. ಇಲ್ಲೇ ನಿಂತಿವ್ನಿ. ನೀನು ಇಳಿಯೋಗಂಟ ಕೊಡಕಿಲ್ಲ."

ತಂತಿಯ ನಡುಕ ನಿಂತಿತು. ಕಂಬ ಕಿರುಗುಟ್ಟಿತು, ಒಂದು ಸಲ, ಇನ್ನೊಂದು ಸಲ, ಸ್ವಲ್ಪ ಕೆಳಗೆ ಮತ್ತೊಂದು ಸಲ. ಆಮೇಲೆ ಅವನ ಕಾಲ ಹತ್ತಿರ ದೊಪ್ ಅಂತ ಧೂಳೆದ್ದಿತು. ಬೀಡಿ ಮತ್ತು ಬೆವರಿನ ವಾಸನೆ ಪಕ್ಕದಲ್ಲೇ ಹಾದುಹೋಗಿ ಮನೆಯ ಕಡೆ ನಡೆಯಿತು.

"ಲೈನ್ ಕ್ಲಿಯರ್ ವಾಪಸ್!" ಅಂತ ಗಂಗಯ್ಯ ಅಳುತ್ತ ಕಿರುಚಿದ. ಜಗಲಿಯಿಂದ ಸ್ವಿಚ್ ಎತ್ತಿದ ಸದ್ದು ಕೇಳಿಸಿತು.

ಅವನು ಮನೆ ಸೇರುವ ಹೊತ್ತಿಗೆ ಐದೂವರೆ. ಆಟ ಮುಗಿದಿತ್ತು, ಮೆಷಿನ್ ಓಡುತ್ತಲೇ ಇತ್ತು. ಸಂಘಮಿತ್ರಾ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಆಫ್ ಆಗ್ಲಿಲ್ಲ ಅಪ್ಪಾ. ಸೆಲೆಕ್ಟ್ ಆದೆ." ಮುಖದಲ್ಲಿ ಮಾತ್ರ ನಗು ಇರಲಿಲ್ಲ. "ಆ ದನಿ ಇವತ್ತೂ ಬಂತು. ನಿನಗೆ ಹೇಳು ಅಂತು."

"ಏನಂತ ಮಗಾ?"

"'ಇಳ್ದೆ ಕಣಣ್ಣ' ಅಂತ."