ತೊಕ್ಕೊಟ್ಟು ದಾಟಿದರೆ ದುಬೈ

ಶೈಲೇಶ ದುಬೈಗೆ ಹೊರಟ ದಿನ ಉರ್ವದ ಅವರ ಓಣಿಯಿಂದ ಬಜಪೆಯ ವಿಮಾನ ನಿಲ್ದಾಣಕ್ಕೆ ಎರಡು ಕಾರು ಹೋದವು. ಮುಂದಿನದರಲ್ಲಿ ಶೈಲೇಶ, ಹೆಂಡತಿ ತೃಪ್ತಿ, ಅಕ್ಕ ಜಯ, ಭಾವ ಮುಕೇಶ. ಹಿಂದಿನದರಲ್ಲಿ ಬೀಳ್ಕೊಡಲು ಹೊರಟ ನೆರೆಕರೆ. ಸೂಟ್‌ಕೇಸಿಗೆ ಹಗ್ಗ ಬಿಗಿದು, ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಕೆಳಗೆ ದುಬೈ ಅಂತ ಬರೆದು, ಅದರಡಿಗೆ ಎರಡು ಗೆರೆ ಎಳೆದವನು ಮುಕೇಶ. ಪಾಸ್‌ಪೋರ್ಟ್ ಇತ್ತು. ಹೊಸ ಶೂ ಇತ್ತು. ಜಯಕ್ಕನ ಕಣ್ಣಲ್ಲಿ ನೀರೂ ಇತ್ತು. ಇಲ್ಲದ್ದು ಒಂದೇ, ಟಿಕೆಟು.

ಟಿಕೆಟಿಲ್ಲದವನನ್ನು ಬಾಗಿಲಲ್ಲಿ ನಿಂತ ಪೊಲೀಸರು ಒಳಗೆ ಬಿಡುವುದಿಲ್ಲ. ಮುಕೇಶನಿಗೆ ಅದು ಗೊತ್ತಿತ್ತು. "ನೀವೆಲ್ಲ ಹೊರಡಿ ಮಾರಾಯ್ರೆ, ಪಾರ್ಕಿಂಗಿನವ ನಿಮಿಷಕ್ಕೆ ಇಷ್ಟು ಅಂತ ಹಿಡೀತಾನೆ" ಎಂದು ನೆರೆಕರೆಯವರನ್ನು ಅವಸರ ಮಾಡಿ ಕಾರಿಗೆ ಹತ್ತಿಸಿದ. ಅವರ ಕಾರು ಗುಡ್ಡದ ತಿರುವಿನಲ್ಲಿ ಇಳಿದು ಮರೆಯಾಗುವವರೆಗೆ ಶೈಲೇಶ ಸಾಲಿನಲ್ಲಿ ನಿಂತು ಕೈ ಬೀಸಿದ. ಆಮೇಲೆ ಸಾಲಿನಿಂದ ಹೊರಗೆ ಬಂದ.

ಅಲ್ಲಿಂದ ಕಾರು ಗುಡ್ಡ ಇಳಿದು, ಪೇಟೆಯ ಟ್ರಾಫಿಕ್ಕಿನಲ್ಲಿ ನಿಂತು ಸರಿದು, ನೇತ್ರಾವತಿಯ ಸೇತುವೆ ದಾಟಿ, ತೊಕ್ಕೊಟ್ಟಿನ ಗದ್ದಲದಿಂದ ಒಳರಸ್ತೆಗೆ ತಿರುಗಿ, ಎತ್ತರದ ಕಂಪೌಂಡಿನ ಒಂದು ಮನೆಯೆದುರು ನಿಂತಿತು. ಕುಡಿತ ಬಿಡಿಸುವ ಕೇಂದ್ರ. ತೊಂಬತ್ತು ದಿನ. ಬಜಪೆಯಿಂದ ಅಲ್ಲಿಗೆ ಬರಲು ಎರಡು ತಾಸು ಹಿಡಿದಿತ್ತು. ನಿಜವಾದ ದುಬೈ ವಿಮಾನ ಅಷ್ಟರೊಳಗೆ ಅರ್ಧ ಸಮುದ್ರ ದಾಟಿರಬೇಕು.

ವಿಷಯ ಇಷ್ಟು ದೂರದ ಪ್ರಯಾಣ ಬೇಡುವಂಥದ್ದೇ ಆಗಿರಲಿಲ್ಲ. ಶೈಲೇಶನಿಗೆ ಉರ್ವ ಮಾರ್ಕೆಟಿನ ಹತ್ತಿರ ಫ್ರಿಜ್, ಎಸಿ ರಿಪೇರಿಯ ಸಣ್ಣ ಅಂಗಡಿ. ಹಗಲಿಡೀ ಚೆನ್ನಾಗಿ ದುಡಿಯುವವ. ಏಳು ಗಂಟೆಗೆ ಶಟರ್ ಎಳೆದದ್ದೇ ಕಾಲು ತಾನಾಗಿ ಎದುರಿನ ವೈನ್ ಶಾಪಿನ ಕಡೆ ಹೋಗುತ್ತಿತ್ತು. ಕ್ವಾರ್ಟರಿನಲ್ಲಿ ಇದ್ದದ್ದು ವರ್ಷದೊಳಗೆ ಹಾಫಿಗೆ ಮುಟ್ಟಿತು. ಒಮ್ಮೆ ಸ್ಕೂಟರಿನಿಂದ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡ ಮೇಲೆ ಅವನೇ ತೃಪ್ತಿಗೆ ಹೇಳಿದ್ದ: "ನನಗೆ ಬಿಡ್ಬೇಕು ಅಂತ ಉಂಟು. ಹೇಗೆ ಅಂತ ಗೊತ್ತಿಲ್ಲ."

ಇಬ್ಬರೂ ಪೇಟೆಯ ಆಸ್ಪತ್ರೆಗೆ ಹೋದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕೌನ್ಸೆಲರ್ ಅನುಷ್ಕಾ, ತೃಪ್ತಿಗಿಂತ ಸಣ್ಣ ಪ್ರಾಯದವಳು, ಒಂದೊಂದಾಗಿ ಕೇಳಿದಳು. ಬೆಳಿಗ್ಗೆ ಕೈ ನಡುಗ್ತದಾ? ಇಲ್ಲ. ಎದ್ದ ಕೂಡಲೇ ಬೇಕಾಗ್ತದಾ? ಇಲ್ಲ. ಫಿಟ್ಸ್ ಬಂದದ್ದುಂಟಾ? ಇಲ್ಲ. ಒಂದೆರಡು ದಿನ ಕುಡಿಯದೆ ಇದ್ದದ್ದುಂಟಾ? ಉಂಟು, ಜ್ವರ ಬಂದಾಗ, ಎಂತದೂ ಆಗಿರಲಿಲ್ಲ. ಮನೆಯಲ್ಲಿ ಜೊತೆಗೆ ಯಾರಿದ್ದಾರೆ?

"ನಾನಿದ್ದೇನೆ" ಎಂದಿದ್ದಳು ತೃಪ್ತಿ.

"ಅಂಗಿ ಹೊಲಿಸುವಾಗ ಅಳತೆ ತೆಗೀತಾರಲ್ಲ, ಇದಕ್ಕೂ ಹಾಗೆಯೇ" ಎಂದಳು ಅನುಷ್ಕಾ. "ಕೆಲವರಿಗೆ ವಾರ್ಡಿನಲ್ಲಿ ಹತ್ತು ದಿನ ಬೇಕು, ಇಲ್ಲದಿದ್ರೆ ಜೀವಕ್ಕೇ ಅಪಾಯ. ಕೆಲವರಿಗೆ ಮನೆಯಿಂದ ದೂರ ತಿಂಗಳುಗಟ್ಟಲೆ ಬೇಕು. ನಿಮಗೆ ಸದ್ಯಕ್ಕೆ ಅದೆಲ್ಲ ಬೇಡ ಅಂತ ಡಾಕ್ಟರು ಹೇಳ್ತಾರೆ. ಮಂಗಳವಾರ, ಶುಕ್ರವಾರ ಇಲ್ಲಿಗೆ ಬನ್ನಿ. ಮಾತ್ರೆ ತೆಗೊಳ್ಳಿ, ಮಾತಾಡಿ, ಅಂಗಡಿಗೆ ಹೋಗಿ ಕೆಲಸ ಮಾಡಿ. ಅದು ಸಾಲದಿದ್ರೆ ಮುಂದಿನ ಮೆಟ್ಟಿಲು ಉಂಟಲ್ಲ, ಎಲ್ಲಿಗೂ ಓಡಿ ಹೋಗುವುದಿಲ್ಲ."

ಇಷ್ಟೇ. ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು. ಆದರೆ ಮದ್ದು ರೋಗಿಗೆ ಹಿಡಿಸಿದರೆ ಸಾಲದು, ಮನೆತನಕ್ಕೂ ಹಿಡಿಸಬೇಕು. ಆ ಪರೀಕ್ಷೆ ನಡೆದದ್ದು ಜಯಕ್ಕನ ಮನೆಯ ಹಾಲ್‌ನಲ್ಲಿ.

ಮುಕೇಶ ಎಂದಿನಂತೆ ಸಂಜೆಯ ಗ್ಲಾಸು ಹಿಡಿದು ಕುಳಿತಿದ್ದ. ಅವನದು ಕುಡಿತ ಅಲ್ಲ, ಹೃದಯಕ್ಕೆ ಒಳ್ಳೆಯದು. ದಿನಕ್ಕೆ ಎರಡು, ಐಸು ಹಾಕಿ, ಶೋಕೇಸಿನ ಬಾಟ್ಲಿಯಿಂದ. ಗಾಜಿನ ಬಾಗಿಲ ಹಿಂದೆ ಇರುವುದು ಸಂಸ್ಕಾರ, ಪೇಪರಿನಲ್ಲಿ ಸುತ್ತಿ ತರುವುದು ಚಟ.

"ವಾರಕ್ಕೆ ಎರಡು ಸಲ ಫೈಲ್ ಹಿಡ್ಕೊಂಡು ಬಸ್ಸಿನಲ್ಲಾ?" ಎಂದ ಮುಕೇಶ. "ಆ ಬಸ್ಸಿನಲ್ಲಿ ಅರ್ಧ ಜನ ನಮ್ಮ ಪರಿಚಯದವರು."

"ದೀಕ್ಷಿತಾಳ ನಿಶ್ಚಿತಾರ್ಥಕ್ಕೆ ಇನ್ನು ನಾಲ್ಕೇ ತಿಂಗಳು" ಎಂದಳು ಜಯ. ದೀಕ್ಷಿತಾ ಅವಳ ಮಗಳು. "ಸೋದರಮಾವ ಅಂತ ಇವನೇ ಎದುರು ನಿಲ್ಬೇಕು. ಮದುವೆ ಹುಡುಗನ ಸೋದರಮಾವ ಬಹರೈನಿನಲ್ಲಿದ್ದಾರೆ, ನಿಶ್ಚಿತಾರ್ಥಕ್ಕೆ ಅಂತ ಬರ್ತಾರಂತೆ. ನಮ್ಮವ ಕುಡುಕರ ಡಾಕ್ಟರಲ್ಲಿಗೆ ಕ್ಯೂ ನಿಲ್ಲುವುದಾ?"

"ಅಕ್ಕ, ಅಷ್ಟು ಸಾಕಾಗ್ತದೆ ಅಂತ ಹೇಳಿದ್ದಾರೆ" ಎಂದ ಶೈಲೇಶ.

"ನಿನಗೆ ಸಾಕಾದರೆ ಆಯಿತಾ? ನಮಗೆ ಸಾಕಾಗ್ಬೇಕಲ್ಲ."

ತೊಂಬತ್ತು ದಿನದ ಕೇಂದ್ರವನ್ನು ಮುಕೇಶ ಫೋನಿನಲ್ಲಿ ಹುಡುಕಿ ತೆಗೆದ. ಕಂಪೌಂಡು ಎತ್ತರ ಉಂಟು, ಹೊರಗಿನಿಂದ ಕಾಣುವುದಿಲ್ಲ ಎಂಬುದೇ ಅದರ ಮೊದಲ ಗುಣ. ಮೂರು ತಿಂಗಳು ಮನುಷ್ಯ ಕಾಣದಿದ್ದರೆ ನಮ್ಮೂರಿನಲ್ಲಿ ಒಂದೇ ಅರ್ಥ, ಗಲ್ಫ್. ಎಸಿ ಮೆಕ್ಯಾನಿಕ್ಕಿಗೆ ಅಲ್ಲಿ ಕೆಲಸ ಇಲ್ಲ ಅಂತ ಯಾರು ಹೇಳ್ತಾರೆ? ಎಲ್ಲರೂ ತೃಪ್ತಿಯ ಮುಖ ನೋಡಿದರು. ಡಾಕ್ಟರ ಎದುರು "ನಾನಿದ್ದೇನೆ" ಎಂದವಳು ಅವಳು. ಬಾಯಿ ತೆರೆದಳು. ತಿಂಡಿಯ ತಟ್ಟೆ ಮುಂದೆ ಸರಿಸಿ "ಗೋಳಿಬಜೆ ತಣ್ಣಗಾಗ್ತದೆ" ಎಂದಳು.

ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಡಾಲಿಬಾಯಿ ಒಂದು ಕಟ್ಟು ತಂದುಕೊಟ್ಟಳು. ಹಲಸಿನ ಹಪ್ಪಳ, ಒಣ ಸಿಗಡಿ. "ನಮ್ಮ ತಂಗಿ ಡೈಸಿ ಶಾರ್ಜಾದಲ್ಲಿ ಉಂಟಲ್ಲ, ಅವಳಿಗೆ. ಶಾರ್ಜಾ ದುಬೈಗೆ ತಾಗಿಯೇ ಉಂಟಂತೆ, ಇಲ್ಲಿಂದ ಅಶೋಕನಗರದ ಹಾಗೆ." ಬೇಡ ಎನ್ನುವುದು ಹೇಗೆ? ಕಟ್ಟು ತೊಕ್ಕೊಟ್ಟಿಗೆ ಹೋಯಿತು. ಹೊರಗಿನ ತಿಂಡಿ ನಿಷೇಧ ಎಂದು ಕೇಂದ್ರದ ವಾರ್ಡನ್ ಅದನ್ನು ವಶಪಡಿಸಿಕೊಂಡ. ನಿಷೇಧ ಜಾರಿಯಾದ ವಾಸನೆ ಮಧ್ಯಾಹ್ನ ಅಡುಗೆಮನೆಯಿಂದ ಬಂತು.

ಮೊದಲ ತಿಂಗಳು ಭೇಟಿ ಇಲ್ಲ. ಮುಕೇಶ ಶೈಲೇಶನ ಫೋನ್ ತನ್ನಲ್ಲಿಟ್ಟುಕೊಂಡು ವಾಟ್ಸಾಪಿಗೆ ದುಬೈಯ ದೊಡ್ಡ ಕಟ್ಟಡದ ಚಿತ್ರ ಹಾಕಿದ. "ಸೆಕೆ ಹೇಗುಂಟು?" ಎಂದು ಕೇಳಿದವರಿಗೆಲ್ಲ "ತುಂಬಾ" ಎಂದು ಬರೆದ. ಅಂಗಡಿಯ ಶಟರಿಗೆ ತುಕ್ಕು ಹತ್ತಿತು. ಶೈಲೇಶ ವರ್ಷವಿಡೀ ನೋಡಿಕೊಳ್ಳುತ್ತಿದ್ದ ಎರಡು ಅಪಾರ್ಟ್‌ಮೆಂಟಿನವರು ಬೇರೆ ಮೆಕ್ಯಾನಿಕ್ಕನ್ನು ಹಿಡಿದರು. ತೃಪ್ತಿ ಎಲ್ಲರಿಗೂ ನಗುತ್ತಾ "ಅಲ್ಲಿ ಒಳ್ಳೆ ಕಂಪೆನಿ" ಎನ್ನುತ್ತಿದ್ದಳು.

ಎರಡನೇ ತಿಂಗಳ ಒಂದು ಭಾನುವಾರ ಅವಳು ಬಸ್ಸು ಹಿಡಿದು ದುಬೈಗೆ ಹೋದಳು. ಶೈಲೇಶ ಮೈ ತುಂಬಿಕೊಂಡಿದ್ದ. ಕಣ್ಣು ತಿಳಿಯಾಗಿತ್ತು. ಅವಳಿಗೆ ಖುಷಿಯಾಯಿತು, ಅವನಿಗೆ ಅಷ್ಟಾಗಿ ಆಗಲಿಲ್ಲ.

"ಇಲ್ಲಿ ಕುಡಿಯದೆ ಇರುವುದು ಎಂತ ದೊಡ್ಡ ವಿಷಯ, ತೃಪ್ತಿ? ಇಲ್ಲಿ ಏಳು ಗಂಟೆಯೇ ಆಗುವುದಿಲ್ಲ. ಆರೂವರೆಗೆ ಭಜನೆ, ಎಂಟಕ್ಕೆ ಗಂಜಿ. ನಮ್ಮ ಮಾರ್ಕೆಟಿನ ಏಳು ಗಂಟೆ ಹೇಗೆ ದಾಟುವುದು ಅಂತ ಯಾರೂ ಕಲಿಸಲಿಲ್ಲ. ಶಟರ್ ಎಳೆದ ಮೇಲೆ ಎಡಕ್ಕೆ ಹೋಗುವುದಾ ಬಲಕ್ಕೆ ಹೋಗುವುದಾ, ನನಗೆ ಅದು ಬೇಕಿತ್ತು." ಆಮೇಲೆ ದನಿ ತಗ್ಗಿಸಿದ. "ಎಲ್ಲರೂ ನನ್ನ ಹಾಗೆ ಅಲ್ಲ ಆಯ್ತಾ. ನನ್ನ ಪಕ್ಕದ ಮಂಚದವರಿಗೆ ಈ ಜಾಗ ಇಲ್ಲದಿದ್ರೆ ಆಗ್ತಿರ್ಲಿಲ್ಲ. ಅವರಿಗೆ ಇದು ಮೂರನೇ ಸಲ. ಒಳ್ಳೆ ಜನ. ಇಲ್ಲೇ ತೊಕ್ಕೊಟ್ಟಿನವರು. ಅವರ ಮನೆಯವರು ಬಹರೈನ್ ಅಂತ ಹೇಳಿದ್ದಾರಂತೆ."

ತೃಪ್ತಿ ತಲೆ ಎತ್ತಿದಳು.

"ಅವರ ಸೋದರಳಿಯನಿಗೆ ನಿಶ್ಚಿತಾರ್ಥ ಅಂತೆ" ಎಂದ ಶೈಲೇಶ. "ಹುಡುಗಿಯ ಹೆಸರು ದೀಕ್ಷಿತಾ. ನಾನು ಎಂತದೂ ಹೇಳ್ಲಿಲ್ಲ. ನೀನೂ ಹೇಳ್ಬೇಡ."

ಹಿಂದೆ ಬರುವಾಗ ಬಸ್ಸು ನೇತ್ರಾವತಿಯ ಸೇತುವೆಗೆ ಹತ್ತಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಎರಡು ಮನೆತನಗಳು ಸರೀ ಜೋಡಿ ನೋಡಿಯೇ ಸಂಬಂಧ ಬೆಳೆಸಿದ್ದವು. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಸರಿದು ಕುಳಿತಳು. ಸೇತುವೆ ಮುಗಿಯುವಾಗ ನಗು ನಿಂತಿತು. ಗಂಡ ಕೇಳಿದ್ದು ಎಡ ಬಲದ ಲೆಕ್ಕ. ತಾನು ಅವತ್ತು ಕೊಟ್ಟದ್ದು ಗೋಳಿಬಜೆ.

ತೊಂಬತ್ತು ದಿನ ಮುಗಿಯುವ ಮೊದಲು ಅವಳೊಬ್ಬಳೇ ಅನುಷ್ಕಾಳಲ್ಲಿಗೆ ಹೋದಳು. ಅನುಷ್ಕಾ ಬೈಯಲಿಲ್ಲ. "ಆದದ್ದಾಯಿತು. ಬಂದ ಮರುದಿನವೇ ಇಲ್ಲಿಗೆ ಕರ್ಕೊಂಡು ಬನ್ನಿ. ಮೊದಲ ಕೆಲವು ವಾರ ಕಷ್ಟ ಉಂಟು. ಮನೆಯೊಳಗೆ ಬಾಟ್ಲಿ ಬರ್ಬಾರದು. ಅದನ್ನು ನೋಡಿಕೊಳ್ಳುವವರು ಯಾರು?"

"ನಾನಿದ್ದೇನೆ" ಎಂದಳು ತೃಪ್ತಿ. ಎರಡನೇ ಸಲ ಹೇಳುವಾಗ ನಾಲಿಗೆಗೆ ಆ ಮಾತು ಭಾರವಾಗಿತ್ತು.

ಸೋಮವಾರ ಶೈಲೇಶ "ಇಳಿದ". ಮುಕೇಶ ಅವನನ್ನು ತೊಕ್ಕೊಟ್ಟಿನಿಂದ ಎತ್ತಿಕೊಂಡು ಬಜಪೆಗೆ ಹೋಗಿ, ಅಲ್ಲಿಂದ ಉರ್ವಕ್ಕೆ ಕರೆತಂದ. ಬರುವ ದಿಕ್ಕು ಸರಿ ಇರಬೇಕಲ್ಲ. ಸೂಟ್‌ಕೇಸಿನಲ್ಲಿ ಪೇಟೆಯ ಫಾರಿನ್ ಸಾಮಾನಿನ ಅಂಗಡಿಯಿಂದ ತಂದ ಟ್ಯಾಂಗ್, ಖರ್ಜೂರ, ಚಾಕಲೇಟು, ಸೆಂಟು. ಮುಂದಿನ ಭಾನುವಾರ ನಿಶ್ಚಿತಾರ್ಥ. ಬಂದ ದಿನ ಸಂಜೆಯೇ ನೆರೆಕರೆಯವರು ಶೈಲೇಶನ ಮನೆಯ ಹಾಲ್‌ನಲ್ಲಿ ತುಂಬಿದರು. ಡಾಲಿಬಾಯಿಯ ಗಂಡ ಆಂಬ್ರೋಸ್ ಎಲ್ಲರಿಗಿಂತ ಮೊದಲು ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ, ಕೈಗಳನ್ನು ತೊಡೆಯಡಿಗೆ ಒತ್ತಿಕೊಂಡು.

"ಸಾಮಾನು ಎಲ್ಲಿ ಮಾರಾಯ?" ಎಂದು ಯಾರೋ ಕೇಳಿದರು. ಗಲ್ಫಿನಿಂದ ಬಂದವನು ಡ್ಯೂಟಿ ಫ್ರೀ ಬಾಟ್ಲಿ ಒಡೆಯದಿದ್ದರೆ ಅವನು ಬಂದದ್ದೇ ಅಲ್ಲ.

ಮುಕೇಶ ಅದಕ್ಕೂ ತಯಾರಾಗಿದ್ದ. ತನ್ನ ಶೋಕೇಸಿನಿಂದಲೇ ಸೀಲು ಒಡೆಯದ ಒಂದು ಬಾಟ್ಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಂದಿದ್ದ. ಶೈಲೇಶನ ಕೈಗಿಟ್ಟು ಕಿವಿಯ ಹತ್ತಿರ ಹೇಳಿದ: "ನೀನು ಕುಡೀಬೇಡ. ಬರೀ ಬಗ್ಗಿಸು. ಬಗ್ಗಿಸದಿದ್ರೆ ಯಾರು ನಂಬ್ತಾರೆ?"

ಗೋಡೆಯ ಗಡಿಯಾರದಲ್ಲಿ ಏಳು ಗಂಟೆ. ಶೈಲೇಶನ ಹೆಬ್ಬೆರಳು ಮುಚ್ಚಳದ ಸೀಲಿನ ಮೇಲಿತ್ತು. ಒಡೆಯುವ ಬಗೆಯನ್ನು ಕೈ ಮರೆತಿರಲಿಲ್ಲ. ಅವನು ಬಾಟ್ಲಿ ನೋಡಲಿಲ್ಲ, ತೃಪ್ತಿಯನ್ನು ನೋಡಿದ. ಅವಳ ಕೈಯಲ್ಲಿ ಗೋಳಿಬಜೆಯ ತಟ್ಟೆ ಇತ್ತು. ಅದನ್ನು ಕೆಳಗಿಟ್ಟಳು.

"ಇವರು ದುಬೈಗೆ ಹೋದದ್ದಲ್ಲ" ಎಂದಳು. "ತೊಕ್ಕೊಟ್ಟಿನಲ್ಲಿ ಇದ್ದರು. ಕುಡಿತ ಬಿಡಿಸುವ ಕೇಂದ್ರದಲ್ಲಿ. ನಾಳೆಯಿಂದ ಪೇಟೆಯ ಆಸ್ಪತ್ರೆಗೆ ಹೋಗ್ಲಿಕ್ಕುಂಟು. ಮೊದಲೇ ಅಲ್ಲಿಗೆ ಹೋಗ್ಬೇಕಿತ್ತು, ನಾನು ಹೇಳ್ಲಿಲ್ಲ."

ಮುಕೇಶ ಗಟ್ಟಿಯಾಗಿ ನಕ್ಕ. "ಜೋಕು, ಜೋಕು." ಜೊತೆಗೆ ಯಾರೂ ನಗಲಿಲ್ಲ.

ಜಯ ತೃಪ್ತಿಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ನಿನಗೆ ತಲೆ ಸರಿ ಉಂಟಾ? ಹುಡುಗನ ಕಡೆಯವರಿಗೆ ಗೊತ್ತಾದರೆ? ಅವರ ಮಾವ ಬಹರೈನಿನಿಂದ ಬರುವವರು, ಎಂಥ ಮರ್ಯಾದಸ್ಥರು."

ಉತ್ತರ ತೃಪ್ತಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಒಂದೇ ಮಾತಿನಲ್ಲಿ ಜಯಕ್ಕನ ಬಾಯಿ ಮುಚ್ಚುತ್ತಿತ್ತು. ನುಂಗಿದಳು. ಬೇರೆಯವರ ಬಹರೈನ್ ಅವಳದ್ದಲ್ಲ.

"ಬಂದವರು ಒಳ್ಳೆ ಜನ ಆಗಿದ್ರೆ ಅರ್ಥ ಮಾಡ್ಕೊಳ್ತಾರೆ ಅಕ್ಕ" ಎಂದಷ್ಟೇ ಹೇಳಿ, ಶೈಲೇಶನ ಕೈಯಿಂದ ಬಾಟ್ಲಿ ತೆಗೆದು ಮುಕೇಶನಿಗೆ ಕೊಟ್ಟಳು. "ಶೋಕೇಸಿನಲ್ಲೇ ಇಡಿ ಮುಕೇಶಣ್ಣ. ಅಲ್ಲಿಗೇ ಚಂದ."

ಜಯಕ್ಕ, ಮುಕೇಶ ಕಾರು ಹತ್ತಿದರು. ಉಳಿದವರು ಎದ್ದು ಹೋಗುವುದಾ ಕೂರುವುದಾ ತಿಳಿಯದೆ ಕೂತರು. ಶೈಲೇಶ ಎಲ್ಲರಿಗೂ ಟ್ಯಾಂಗ್ ಕಲಸಿ ಕೊಟ್ಟ.

ಅಡುಗೆಮನೆಗೆ ಡಾಲಿಬಾಯಿ ಬಂದಳು. ಗ್ಲಾಸು ತೊಳೆಯುವ ನೆವ.

"ನನಗೆ ಗೊತ್ತಿತ್ತು ಮಾರಾಯ್ತಿ. ಡೈಸಿ ಮೂರು ತಿಂಗಳಿಂದ ಹಪ್ಪಳ ಹಪ್ಪಳ ಅಂತ ಜೀವ ತಿಂತಾಳೆ. ಕಸ್ಟಮ್ಸಿನವರು ಹಿಡಿದರು ಅಂತ ಹೇಳಿದೆ."

"ಅದು ಸುಳ್ಳಲ್ಲ, ಡಾಲಿಬಾಯಿ."

ಇಬ್ಬರೂ ನಕ್ಕರು. ಡಾಲಿಬಾಯಿ ತೊಳೆದ ಗ್ಲಾಸನ್ನೇ ಮತ್ತೆ ತೊಳೆದಳು. "ಆ ಕೇಂದ್ರದ ನಂಬರ್ ಕೊಡ್ತೀಯಾ? ನಮ್ಮ ಆಂಬ್ರೋಸ್... ಬೆಳಿಗ್ಗೆ ಚಾದ ಕಪ್ಪು ಹಿಡೀಲಿಕ್ಕೆ ಆಗುವುದಿಲ್ಲ. ಒಂದು ಪೆಗ್ ಒಳಗೆ ಹೋದ ಮೇಲೆ ಕೈ ನಿಲ್ತದೆ. ಅಲ್ಲಿ ಆಗುವುದಿಲ್ಲ ಅಂದ್ರೆ ನಾಳೆಯಿಂದ ನಾನೇ ಕೋಣೆಗೆ ಹಾಕಿ ಬೀಗ ಜಡೀತೇನೆ. ಒಂದು ತೊಟ್ಟು ಕೊಡುವುದಿಲ್ಲ."

ತೃಪ್ತಿ ಅವಳ ಕೈ ಹಿಡಿದಳು. "ಹಾಗೆ ಮಾತ್ರ ಮಾಡ್ಬೇಡಿ. ಕೈ ನಡುಗುವವರಿಗೆ ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರ್ಬಹುದು, ಜೀವವೇ ಹೋಗ್ಬಹುದು. ಇವರ ಅಳತೆ ಬೇರೆ, ಅವರದ್ದು ಬೇರೆ. ನಾಳೆ ನಮ್ಮ ಜೊತೆ ಬನ್ನಿ, ಡಾಕ್ಟರು ನೋಡಿ ಹೇಳ್ತಾರೆ. ವಾರ್ಡಿನಲ್ಲಿ ಹತ್ತು ದಿನ ಅಂತ ಹೇಳಿಯಾರು."

"ಹತ್ತು ದಿನವಾ?" ಡಾಲಿಬಾಯಿಯ ಮುಖ ಬಾಡಿತು. "ಮೂರು ತಿಂಗಳಾದ್ರೆ ಮಸ್ಕತ್ ಅಂತ ಹೇಳ್ಬಹುದಿತ್ತು. ಹತ್ತು ದಿನಕ್ಕೆ ಹೋಗಿ ಬರುವ ದೇಶ ಎಲ್ಲುಂಟು?"

ತುಂಬಾ ಹೊತ್ತು ಯೋಚಿಸಿದಳು. "ವೇಲಾಂಕಣಿ" ಎಂದಳು ಕೊನೆಗೆ, ಸಮಾಧಾನದಲ್ಲಿ.

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಅರ್ಧ ಜನ ಪರಿಚಯದವರೇ. ಶೈಲೇಶ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕುಳಿತಿದ್ದ. ತೃಪ್ತಿಯ ಹಿಂದಿನ ಸೀಟಿನಲ್ಲಿ ಡಾಲಿಬಾಯಿ ಜಪಮಾಲೆ ಹಿಡಿದು ಯಾತ್ರೆಗೆ ಹೊರಟವಳ ಹಾಗೆಯೇ ಕಾಣುತ್ತಿದ್ದಳು. ಆಂಬ್ರೋಸ್ ಎರಡು ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದಿದ್ದ. ಬಸ್ಸು ನಿಂತಾಗಲೂ ಕಂಬಿ ಸಣ್ಣಗೆ ಅಲುಗುತ್ತಿತ್ತು.

"ಎಲ್ಲಿಗೆ?" ಎಂದ ಕಂಡಕ್ಟರ್.

ಶೈಲೇಶ ಆಸ್ಪತ್ರೆಯ ಹೆಸರು ಹೇಳಿದ, ಎರಡು ಟಿಕೆಟ್ ಎಂದ. ಕಂಡಕ್ಟರ್ ಹಿಂದೆ ತಿರುಗಿದ. ಡಾಲಿಬಾಯಿ ಆಚೀಚೆ ನೋಡಿ ಬಾಯಿ ತೆರೆಯುವಷ್ಟರಲ್ಲಿ ಆಂಬ್ರೋಸ್ ಹೇಳಿದ:

"ನಮಗೂ ಅಲ್ಲಿಗೇ ಕೊಡಿ."