ಕಾನಾನ್ಯದ ಹೆಂಗಸು ತಗ್ಗಲಿಲ್ಲ

ಸಂಜೆ ನಾಲ್ಕು ಗಂಟೆ. ವಿನಿಫ್ರೆಡ್ ಎದ್ದು ಮಾತಾಡಲು ಇನ್ನೊಂದು ಕೀರ್ತನೆ ಬಾಕಿ. ಹಾರ್ಮೋನಿಯಮ್ಮಿನ ಒಂದು ಸ್ವರ ಒತ್ತಿದರೂ ಏಳುವುದಿಲ್ಲ, ಅದು ಬರಬೇಕಾದಲ್ಲಿ ಬರೀ ಗಾಳಿ ಬರುತ್ತದೆ, ಆ ಜಾಗ ಬಂದಾಗಲೆಲ್ಲ ಹೆಂಗಸರು ಒಂದಿಷ್ಟು ಗಟ್ಟಿಯಾಗಿ ಹಾಡಿ ಹೊಂಡ ಮುಚ್ಚುತ್ತಾರೆ, ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಹಾಗೆ ಮುಚ್ಚಿ ಮುಚ್ಚಿಯೇ ಅದು ರಿಪೇರಿ ಆಗದೆ ಉಳಿದದ್ದು — 1934ರ ಮಾರ್ಚ್, ಎರಡನೆಯ ಭಾನುವಾರ, ಗುಡ್ಡದ ಮೇಲಿನ ಈ ಸಣ್ಣ ದೇವಾಲಯದ ಹಂಚಿನ ಮಾಡು ಮಧ್ಯಾಹ್ನದ ಬಿಸಿಯನ್ನು ಈಗ ಕೆಳಗೆ ಬಿಡುತ್ತಿದೆ, ಬೆಂಚುಗಳಲ್ಲಿ ಬೀಸಣಿಗೆಗಳು ಆಡುತ್ತಿವೆ, ಸ್ತ್ರೀಸಂಘದ ಕೂಟ, ಇವತ್ತಿನ ವಿಷಯ ಕಾನಾನ್ಯದ ಹೆಂಗಸು, ಈ ಕಾಲದ ಕ್ರೈಸ್ತ ಸ್ತ್ರೀಯರಿಗೆ ಮಾದರಿ, ಮಾತಾಡುವವಳು ಬೈಬಲ್ ಸ್ತ್ರೀ ವಿನಿಫ್ರೆಡ್, ಮೂವತ್ತು ವರ್ಷದಿಂದ ಬಂದರಿನ ಓಣಿಗಳಲ್ಲಿ ಮನೆಮನೆಗೆ ಹೋಗಿ ಹೆಂಗಸರಿಗೆ ಸುವಾರ್ತೆ ಓದಿದವಳು, ಕೊಡೆ, ಚೀಲ, ಸವೆದ ಚಪ್ಪಲಿ, ಅದೇ ವಿನಿಫ್ರೆಡ್ — ಮತ್ತು ಬಾಗಿಲ ಹೊರಗೆ, ಜಗಲಿಯ ಕಂಬಕ್ಕೆ ಒರಗಿ, ಅವಳ ಮಗಳು ಫ್ರೀಡಾ. ಒಳಗೆ ಬರಬಾರದೆಂದು ಯಾರೂ ಹೇಳಿಲ್ಲ. ಸಭೆಯ ಶಿಸ್ತಿನಲ್ಲಿ ಇರುವವರು, ತಪ್ಪು ಒಪ್ಪಿಕೊಳ್ಳುವ ತನಕ ದೂರ ಇಟ್ಟವರು, ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಬಹುದು. ಆ ಬೆಂಚಿಗಿಂತ ನನಗೆ ಕಂಬವೇ ಸಾಕು ಅಮ್ಮಾ, ಎಂದಿದ್ದಳು ಫ್ರೀಡಾ. ಅವಳ ಸೊಂಟದಲ್ಲಿ ಮಗು, ಎಂಟು ತಿಂಗಳು, ದೀಕ್ಷಾಸ್ನಾನ ಆಗದ ಮಗು, ಇಲ್ಲಿಂದ ಅದರ ಒಂದು ಹಿಮ್ಮಡಿ ಮಾತ್ರ ಕಾಣುತ್ತದೆ, ಬಿಸಿಲು ಬಿದ್ದು ಕೆಂಪಗೆ.

ತಗ್ಗುವಿಕೆಯ ಮೇಲೆ ಒತ್ತು ಕೊಡಿ ವಿನಿಫ್ರೆಡಮ್ಮ, ಎಂದಿದ್ದರು ಸಭೆಯ ಪಾದ್ರಿ ಅಯ್ಯನವರ ಹೆಂಡತಿ, ಸಭೆಗೆಲ್ಲ ಅವರು ಅಮ್ಮನವರು, ಬುಧವಾರ ತಾವಾಗಿಯೇ ಉರ್ವದ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಅರ್ಧ ಬಿಟ್ಟು — ನೋಡಿ, ಆಕೆ ತನ್ನನ್ನು ನಾಯಿ ಎಂದರೂ ಬೇಸರಿಸಲಿಲ್ಲ, ಎಂಥ ತಗ್ಗುವಿಕೆ, ನಮ್ಮ ಈಗಿನ ಹೆಣ್ಣುಮಕ್ಕಳಿಗೆ ಅದು ಬೇಕು, ಫ್ರೀಡಾಳಿಗೂ ಕೇಳಿಸಲಿ, ತಾಯಿಯ ಬಾಯಿಯಿಂದ ಬಂದರೆ ಮಗಳ ಮನಸ್ಸು ಕರಗಬಹುದು, ಅಲ್ಲವಾ? ಹೌದಮ್ಮ, ಎಂದದ್ದು ಯಾರು, ನಾನೇ, ಮೂವತ್ತು ವರ್ಷ ಹೌದಮ್ಮ ಎಂದ ಬಾಯಿ ತಾನಾಗಿ ಎಂದಿತು. ಆದರೆ ಕಥೆ ಹಾಗಿಲ್ಲ. ಕಥೆಯನ್ನು ಇದ್ದ ಹಾಗೆ ನೋಡಬೇಕು, ಮೊದಲು ಏನಾಯಿತು, ಆಮೇಲೆ ಏನಾಯಿತು. ತೂರ್ ಸೀದೋನಿನ ಕಡೆಯ ಹೆಂಗಸು, ಅನ್ಯಳು, ಮಗಳಿಗೆ ದೆವ್ವ ಹಿಡಿದಿದೆ, ಬೀದಿಯಲ್ಲಿ ಕೂಗುತ್ತಾಳೆ. ಮೊದಲು, ಕರ್ತನು ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಶಿಷ್ಯರು, ಈ ಗಲಾಟೆ ಎಂತದ್ದು, ಇವಳನ್ನೊಮ್ಮೆ ಸಾಗಹಾಕು ಎಂದರು. ಆಮೇಲೆ, ನಾನು ಬಂದದ್ದು ನಮ್ಮವರಿಗೆ ಮಾತ್ರ ಎಂಬ ಮಾತು. ಆಮೇಲೆ, ಮಕ್ಕಳ ರೊಟ್ಟಿಯನ್ನು ನಾಯಿಗೆ ಹಾಕುವುದು ಸರಿಯಲ್ಲ ಎಂಬ ಮಾತು. ಇಷ್ಟು ಸಲ ಬಾಗಿಲು ಹಾಕಿಸಿಕೊಂಡವಳು ಹೌದು ಸ್ವಾಮಿ ಎಂದು ಮನೆಗೆ ಹೋಗಿದ್ದರೆ ಅದು ತಗ್ಗುವಿಕೆ. ಅವಳು ಹೋಗಲಿಲ್ಲ, ಅಡ್ಡಬಿದ್ದಳು, ಸರಿ, ಆದರೆ ಬಿದ್ದಲ್ಲಿಂದಲೇ ಉತ್ತರ ಕೊಟ್ಟಳು, ಮೇಜಿನ ಕೆಳಗಿನ ನಾಯಿಗೂ ಚೂರು ಸಿಗುತ್ತದಲ್ಲ ಸ್ವಾಮೀ ಎಂದಳು — ದೇವರ ಮಗನೊಡನೆ ವಾದ ಮಾಡಿ ಗೆದ್ದವಳು ಸುವಾರ್ತೆಯಲ್ಲಿ ಇವಳೊಬ್ಬಳೇ, ಬೇರೆ ಯಾರಾದರೂ ಇದ್ದರೆ ತೋರಿಸಲಿ. ಮತ್ತು ಅವನು ಮೆಚ್ಚಿದ್ದು ಯಾವುದನ್ನು? ಅವಳ ನಂಬಿಕೆಯನ್ನು. ತಗ್ಗುವಿಕೆ ಎಂಬ ಮಾತು ಅಲ್ಲಿ ಇಲ್ಲ, ಬುಧವಾರ ರಾತ್ರಿ ಎರಡು ಸಲ ಓದಿದೆ, ಇಲ್ಲ.

ಬಂದರಿನ ಬೀಫಾತಿಮ್ಮನಿಗೆ ಈ ಕಥೆ ಓದಿದ್ದು ನೆನಪಾಗುತ್ತದೆ, ಹಿಂದಿನ ಮಳೆಗಾಲ, ಗೋದಾಮಿನ ಹಿಂದಿನ ಮನೆ, ಒಣಮೀನಿನ ವಾಸನೆ ಗೋಡೆಗೇ ಹಿಡಿದದ್ದು, ಬೀಫಾತಿಮ್ಮ ಕಾಲು ಚಾಚಿ ಅಡಿಕೆ ಕತ್ತರಿಸುತ್ತ ಕೇಳುತ್ತಾಳೆ, ಸುವಾರ್ತೆ ಅವಳಿಗೆ ಬೇಡ, ಹೆಂಗಸರ ಕಥೆ ಬೇಕು, ಪ್ರತಿ ಕಥೆಯಲ್ಲೂ ಅವಳದ್ದು ಅದೇ ಒಂದು ಪ್ರಶ್ನೆ — ಬೈಬಲಮ್ಮಾ, ಇವಳ ಗಂಡ ಎಲ್ಲಿದ್ದ? ಬರೆದಿಲ್ಲ ಬೀಫಾತಿಮ್ಮ. ಬರೆದಿಲ್ಲ ಅಂದ್ರೆ? ಮಗಳಿಗೆ ಕಾಯಿಲೆ ಅಷ್ಟು ಜೋರುಂಟು, ತಾಯಿ ಬೀದಿಯಲ್ಲಿ ಬೊಬ್ಬೆ ಹೊಡೀತಾಳೆ, ಆ ಮನುಷ್ಯ ಎಂತ ಮಾಡ್ತಿದ್ದ, ಹೋಟ್ಲಲ್ಲಿ ಚಾ ಕುಡೀತಿದ್ದನಾ? ಸೊಸೆ ಸಫಿಯಾ ಒಳಗಿನಿಂದ, ಮಾಮಿ, ನಿಮ್ಮ ಮಗನೂ ಅಲ್ಲೇ ಇರೋದು ಈಗ. ನಗು, ಅಡಿಕೆ ಕತ್ತರಿ ಕೆಳಗೆ ಬಿತ್ತು, ನಾನೂ ನಕ್ಕೆ, ಆಗ ಫ್ರೀಡಾ ಬಸುರಿ, ಮನೆಗೆ ನಡೆದು ಬರುವಾಗ ನಗು ನಿಂತಿತು. ಗಂಡ ಎಲ್ಲಿದ್ದ — ಬರೆದಿಲ್ಲ, ಯಾಕೆಂದರೆ ಕರ್ತನು ಕೇಳಲಿಲ್ಲ. ಗಂಡ ಯಾರು, ಯಾವ ದೇವರಿಗೆ ಕೈಮುಗಿಯುವವನು, ಒಂದನ್ನೂ ಕೇಳಲಿಲ್ಲ. ಇಷ್ಟು ವರ್ಷ ಓದಿದವಳಿಗೆ ಇದು ಕಾಣದೆ ಹೋದದ್ದು ಹೇಗೆ.

ಕೀರ್ತನೆಯ ಎರಡನೆಯ ಚರಣ. ಲೋಕಯ್ಯನವರು ಕೇಳಿದ್ದರು, ಸಭೆಯ ಹಿರಿಯರು, ಫೆಬ್ರವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಕೇಳಲು ನಾವು ಅಯ್ಯನವರ ಮನೆಗೆ ಹೋದ ದಿನ, ಅಯ್ಯನವರ ಪಕ್ಕದ ಕುರ್ಚಿಯಲ್ಲಿ ಕೂತು, ಅಯ್ಯನವರು ಪೆನ್ಸಿಲು ಉರುಳಿಸುತ್ತಿದ್ದರು — ಗಂಡ ಎಲ್ಲಿ, ಬಂದಿಲ್ಲವಾ? ಕೆಲಸಕ್ಕೆ ಹೋಗಿದ್ದಾರೆ, ಎಂದಳು ಫ್ರೀಡಾ. ಮೋಹನದಾಸ್, ಬಂದರಿನ ಹಂಚು ಸಾಗಿಸುವ ಅಂಗಡಿಯ ಗುಮಾಸ್ತ, ಮೀಸೆ ಸರಿಯಾಗಿ ಬಾರದ ಹುಡುಗ, ರಿಜಿಸ್ಟ್ರಾರರ ಮುಂದೆ ಮದುವೆ, ಕಾನೂನು ಒಪ್ಪಿದ ಮದುವೆ, ಮದುವೆಯ ದಿನ ನಾನು ಹೋಗಲಿಲ್ಲ, ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿದೆ, ಯಾರಿಗೂ ಬೇಡದಷ್ಟು ತುರಿದೆ. ಅವನು ಆಮೇಲೆ ಬಂದು, ಅತ್ತೇ, ಮಗುವನ್ನು ನಿಮ್ಮ ದೇವಾಲಯಕ್ಕೆ ಸೇರಿಸುವುದಾದರೆ ಸೇರಿಸಿ, ನನ್ನದೆಂತ ಅಡ್ಡಿ ಇಲ್ಲ, ಹೆಸರು ಮಾತ್ರ ನನ್ನ ತಾಯಿಯದ್ದು ಇಟ್ಟರೆ ಸಂತೋಷ ಎಂದ. ಇಷ್ಟೇ ಅವನು ಕೇಳಿದ್ದು. ಲೋಕಯ್ಯನವರು ಕೇಳಿದ್ದು ಹೆಚ್ಚು. ಭಾನುವಾರದ ಆರಾಧನೆಯಲ್ಲಿ ಫ್ರೀಡಾ ಮುಂದೆ ಬಂದು ನಿಂತು, ಅನ್ಯನನ್ನು ಮದುವೆಯಾದದ್ದು ಪಾಪ ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಮಗುವಿಗೆ ದೀಕ್ಷಾಸ್ನಾನ. ಹೇಳಿದರೆ ಮುಗಿಯಿತಲ್ಲ ಮಗಳೇ, ಒಂದೇ ವಾಕ್ಯ, ಎಂದರು. ಫ್ರೀಡಾ ಎಂದಳು, ನಾನು ಹೇಳಿ ಮನೆಗೆ ಹೋಗಿ ಅವರಿಗೆ ಅನ್ನ ಬಡಿಸುವುದು ಹೇಗೆ ಮಾಮ? ಅದು ನಿನ್ನ ವಿಷಯ. ಮತ್ತೆ ಹೆಸರು ಎಂತದ್ದು ಇಟ್ಟಿದ್ದೀರಿ, ನಳಿನಾಕ್ಷಿಯಾ, ಬೈಬಲಿನಲ್ಲಿ ಹೆಸರಿಗೆ ಬರಗಾಲವಾ? ಆಗ ನನ್ನ ಬಾಯಿ, ಹೌದಮ್ಮ ಎನ್ನುವ ಇದೇ ಬಾಯಿ, ಲೋಕಯ್ಯ ಎಂಬುದು ಯಾವ ಸುವಾರ್ತೆಯಲ್ಲಿ ಉಂಟು ಲೋಕಯ್ಯನವರೇ? ಅಯ್ಯನವರ ಪೆನ್ಸಿಲು ನೆಲಕ್ಕೆ ಬಿತ್ತು. ಹೊರಗೆ ಬಂದು ಮೆಟ್ಟಿಲಲ್ಲಿ ಫ್ರೀಡಾ ನಕ್ಕಳು, ಅಮ್ಮಾ, ನೀವು ಇಷ್ಟು ಕೆಟ್ಟವರಾ, ನಗುತ್ತಲೇ ಅತ್ತಳು, ಮಗು ಇಬ್ಬರನ್ನೂ ನೋಡುತ್ತಾ ಹಿಮ್ಮಡಿಯಿಂದ ನನ್ನ ಕೈಯನ್ನು ಒದೆಯಿತು.

ಅದೇ ಲೋಕಯ್ಯನವರು ಪ್ರತಿ ಕ್ರಿಸ್ಮಸ್ಸಿಗೆ ತಮ್ಮ ಅಜ್ಜಿಯ ಕಥೆ ಹೇಳುತ್ತಾರೆ, ಅಪ್ಪಿ, ಊರೆಲ್ಲ ಬಹಿಷ್ಕಾರ ಹಾಕಿದರೂ ಮಗನನ್ನು ಎತ್ತಿಕೊಂಡು ದೀಕ್ಷೆಗೆ ಬಂದ ಧೀರೆ. ಬಂದದ್ದು ನಿಜ. ಹೇಳದೆ ಬಿಡುವುದೂ ಒಂದುಂಟು, ಅಪ್ಪಿಯ ಗಂಡ ಬೂಬ ದೀಕ್ಷೆ ಪಡೆಯಲಿಲ್ಲ, ಸಾಯುವ ತನಕ ಭೂತಕ್ಕೆ ಕೋಳಿ ಕೊಟ್ಟ, ಅಪ್ಪಿ ದೀಕ್ಷೆಯ ದಿನ ಸಂಜೆಯೇ ಮನೆಗೆ ಹೋಗಿ ಅವನಿಗೆ ಗಂಜಿ ಬೇಯಿಸಿದಳು, ಆ ದೀಕ್ಷೆಗೆ ಸಾಕ್ಷಿ ನಿಂತವಳು ನನ್ನ ಅಜ್ಜಿ, ಅಜ್ಜಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಆ ಗಂಡ ಪಾಪ ಎಂದು ಅಪ್ಪಿಯ ಬಾಯಿಯಲ್ಲಿ ಯಾರೂ ಹೇಳಿಸಲಿಲ್ಲ. ಇದನ್ನು ಇವತ್ತು ಇಲ್ಲಿ ಹೇಳಿಬಿಡಲಾ? ಮುಂದಿನ ಬೆಂಚಿನಲ್ಲೇ ಲೋಕಯ್ಯನವರ ಹೆಂಡತಿ ಸಲೋಮಿ, ಬೀಸಣಿಗೆಯ ಹಿಂದೆ ಅರ್ಧ ಮುಖ, ಹೇಳಿದರೆ ರಾತ್ರಿಯೊಳಗೆ ಊರಿಗೆಲ್ಲ ಗೊತ್ತು, ಲೋಕಯ್ಯನವರ ತಲೆ ತಗ್ಗುತ್ತದೆ — ಬೇಡ. ಅಪ್ಪಿ ಒಳ್ಳೆಯ ಹೆಂಗಸು, ಅವಳನ್ನು ಕಲ್ಲಿನ ಹಾಗೆ ಬೀಸಿ ಎಸೆಯುವುದು ಬೇಡ. ಅದಲ್ಲದೆ ಲೋಕಯ್ಯನವರ ತಲೆ ತಗ್ಗಿದರೆ ಮಗುವಿಗೆ ಎಂತ ಸಿಕ್ಕಿತು? ಬೇರೆ ದಾರಿ ಉಂಟು. ಈ ಕೂಟಕ್ಕೆ ಒಂದು ಪದ್ಧತಿ, ಮಾತಾಡಿದವಳು ಕೊನೆಗೆ ಒಂದು ಹೆಸರು ಹೇಳಬೇಕು, ಆ ಹೆಸರಿಗಾಗಿ ಎಲ್ಲರೂ ಮೊಣಕಾಲೂರಬೇಕು, ಯಾಕೆ ಏನು ಎಂದು ಕೇಳುವ ಹಾಗಿಲ್ಲ, ಒಮ್ಮೆ ಒಬ್ಬ ಸೊಸೆ ಅತ್ತೆಯ ಹೆಸರನ್ನೇ ಹೇಳಿ, ಅತ್ತೆ ತನ್ನ ಹೆಸರಿಗೆ ತಾನೇ ಮೊಣಕಾಲೂರಿ, ಮುಂದಿನ ವಾರದ ತನಕ ಊರಿಗೆ ಅದೇ ಮಾತು. ಹೆಸರೆಂದರೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು. ದೀಕ್ಷೆಯಾಗದ ಮಗುವಿನ ಹೆಸರನ್ನು ದೇವಾಲಯದೊಳಗೆ ಎತ್ತುವುದಿಲ್ಲ, ಮನೆಯಲ್ಲೂ ಬಾಲೆ, ಬಾಲೆ ಎಂದೇ ಕರೆಯುವುದು, ಇದು ಬರೆದಿಟ್ಟ ನಿಯಮವಲ್ಲ, ಆದರೆ ನನ್ನ ಆಯುಷ್ಯದಲ್ಲಿ ಯಾರೂ ಮುರಿದದ್ದಿಲ್ಲ.

ಕೀರ್ತನೆ ಮುಗಿಯುತ್ತದೆ. ಅಮ್ಮನವರು ಇತ್ತ ನೋಡಿ ತಲೆಯಾಡಿಸುತ್ತಾರೆ, ಬುಧವಾರ ಹೊಸ್ತಿಲು ದಾಟುವಾಗ ಹೇಳಿದ ಕೊನೆಯ ಮಾತು ಅವರ ಮುಖದಲ್ಲಿ ಇನ್ನೂ ಉಂಟು, ನಿಮ್ಮ ಕೆಲಸವೂ ಸಭೆಯದ್ದೇ ಅಲ್ಲವಾ ವಿನಿಫ್ರೆಡಮ್ಮ, ಯೋಚಿಸಿ ಮಾತಾಡಿ. ಯೋಚಿಸಿದ್ದೇನೆ. ವೇದಿಕೆಗೆ ಹತ್ತುವಂತಿಲ್ಲ, ಹೆಂಗಸರು ಹಾರ್ಮೋನಿಯಮ್ಮಿನ ಪಕ್ಕ ನೆಲದಲ್ಲೇ ನಿಲ್ಲಬೇಕು, ನಿಂತಳು, ಸೆರಗು ತಲೆಗೆ ಎಳೆದಳು. ಅಕ್ಕಂದಿರೇ, ತಂಗಿಯಂದಿರೇ, ಈ ಹೆಂಗಸು ನಮಗೆ ಮಾದರಿ ಎಂದು ಹೇಳಲು ನನ್ನನ್ನು ಕೇಳಿದ್ದಾರೆ, ಹೇಳುತ್ತೇನೆ. ಸ್ವರ ತನ್ನದೇ ಎಂದು ವಿನಿಫ್ರೆಡಳಿಗೆ ಗೊತ್ತಾಗುವುದಿಲ್ಲ. ಅವಳು ಕಾನಾನ್ಯದವಳು. ಕಾನಾನ್ಯದವಳಾಗಿ ಹುಟ್ಟಿದ್ದು ಪಾಪ ಎಂದು ಅವಳು ಹೇಳಲಿಲ್ಲ, ಹೇಳು ಎಂದು ಕರ್ತನೂ ಕೇಳಲಿಲ್ಲ. ಗಂಡ ಯಾರು ಎಂದು ಕೇಳಲಿಲ್ಲ. ಸಾಗಹಾಕು ಎಂದದ್ದು ಶಿಷ್ಯರು, ಅವರು ಒಳ್ಳೆಯವರೇ, ಅವರಿಗೆ ಗಲಾಟೆ ಬೇಡವಾಗಿತ್ತು ಅಷ್ಟೇ. ಅವಳು ಅವರೊಡನೆ ಜಗಳವಾಡಲಿಲ್ಲ, ಅವರ ಅಪ್ಪಣೆಯನ್ನೂ ಕೇಳಲಿಲ್ಲ, ಅವರನ್ನು ದಾಟಿ ಹೋದಳು. ಬೀಸಣಿಗೆಗಳು ನಿಂತಿವೆ. ಯಾರೋ ಕೆಮ್ಮುತ್ತಾರೆ. ಅಮ್ಮನವರ ಕೈ ಎದ್ದು, ಸಾಕು ಎಂಬಂತೆ, ಅರ್ಧದಲ್ಲಿ — ಮಗಳಿಗೆ ಗುಣವಾಯಿತು, ಅವಳು ತನ್ನ ಊರಿಗೆ, ತನ್ನ ಮನೆಗೆ, ತನ್ನ ಗಂಡನಿದ್ದರೆ ಗಂಡನ ಬಳಿಗೆ ಹಿಂದೆ ಹೋದಳು, ಹೋಗಬೇಡ ಎಂದು ಯಾರೂ ತಡೆಯಲಿಲ್ಲ, ನಂಬಿಕೆ ಎಂದರೆ ಅಷ್ಟೇ ಅಕ್ಕಂದಿರೇ, ಬಾಗಿಲು ಹಾಕಿದ್ದಾರೆಂದು ಒಳಗೆ ಯಾರೂ ಇಲ್ಲ ಎಂದುಕೊಳ್ಳದಿರುವುದು. ಮುಗಿಯಿತು. ಇನ್ನು ಹೆಸರು. ಬಾಗಿಲಲ್ಲಿ ಫ್ರೀಡಾ ಕಂಬ ಬಿಟ್ಟು ನೆಟ್ಟಗೆ ನಿಂತಿದ್ದಾಳೆ, ಅವಳಿಗೆ ಗೊತ್ತಾಗಿದೆ, ಬೇಡ ಅಮ್ಮಾ ಎನ್ನುತ್ತಾಳಾ, ಹೇಳಿ ಅಮ್ಮಾ ಎನ್ನುತ್ತಾಳಾ, ಮುಖ ಕಾಣುವುದಿಲ್ಲ, ಬೆಳಕು ಅವಳ ಹಿಂದೆ, ಕಾಣುವುದು ಅದೊಂದೇ, ಮಗುವಿನ ಹಿಮ್ಮಡಿ, ಅಂಗೈಯಲ್ಲಿ ಹಿಡಿಯುವಷ್ಟು, ಇನ್ನೂ ನೆಲ ಮುಟ್ಟದ ಹಿಮ್ಮಡಿ, ಹೊಸ್ತಿಲಿನ ಆ ಬದಿಗೆ, ಆ ಬದಿಗೆ —

ನಳಿನಾಕ್ಷಿ, ಎಂದಳು ವಿನಿಫ್ರೆಡ್.

ಮೊದಲು ಮೊಣಕಾಲೂರಿದವಳು ಸಲೋಮಿ, ಆಮೇಲೆ ಬೆಂಚು ಬೆಂಚಾಗಿ ಉಳಿದವರು. ಅಮ್ಮನವರು ಕೊನೆಯವರೆಗೂ ನಿಂತೇ ಇದ್ದರು. ಸೋಮವಾರ ಬೆಳಿಗ್ಗೆ ವಿನಿಫ್ರೆಡಳನ್ನು ಬೈಬಲ್ ಸ್ತ್ರೀಯ ಕೆಲಸದಿಂದ ತೆಗೆದರು. ಆದರೆ ಹೆಂಗಸರು ಮೊಣಕಾಲೂರಿದ ಹೆಸರಿಗೆ ಇಲ್ಲ ಎನ್ನಲು ಹಿರಿಯರಿಗೆ ಆಗಲಿಲ್ಲ, ಈಸ್ಟರಿನ ಮುಂದಿನ ಭಾನುವಾರ ಮಗುವಿಗೆ ದೀಕ್ಷಾಸ್ನಾನವಾಯಿತು. ಫ್ರೀಡಾಳಿಂದ ಯಾರೂ ಏನನ್ನೂ ಹೇಳಿಸಲಿಲ್ಲ.