ತಪ್ಪು ಕಲಿಸಿದ ಮಾಸ್ತರ

ಎಪ್ಪತ್ತೇಳು–ಎಪ್ಪತ್ತೆಂಟರ ಸುಮಾರಿಗೆ ನಮ್ಮ ಮಾನ್ವಿ ಕಡೆ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದನ್ನು ಬಿಟ್ಟು ಇಂಗ್ಲಿಷಿನ ಅಪೋಸಿಟ್, ಅಂದರೆ ವಿರುದ್ಧ ಪದ, ಕೇಳಲು ಶುರುಮಾಡಿದ್ದರು. ಈ ಪಿಡುಗನ್ನು ಊರಿಗೆ ತಂದವರ ಬಾಯಿಗೆ ಮಣ್ಣು ಬೀಳಲಿ! ವರ ಎಷ್ಟು ಸಲ ಫೇಲಾಗಿದ್ದಾನೆ ಎಂದು ಕೇಳುವವರಿಲ್ಲ. ಮಂಡಾಳ ಒಗ್ಗರಣೆ, ಮಿರ್ಚಿ ತಿಂದು, ಕೈ ಒರೆಸಿಕೊಂಡು, “ಹ್ಯಾಪಿ ಅನ್ನೋದಕ್ಕ ಅಪೋಸಿಟ್ ಏನವಾ?” ಎಂದು ಹುಡುಗಿಯನ್ನು ಕೇಳುವುದು. ಉತ್ತರ ಬಂದರೆ ಇಂಗ್ಲಿಷ್ ಬಲ್ಲ ಸೊಸೆ ಸಿಕ್ಕಂತೆ.

ನಮ್ಮಪ್ಪ ವಿರೂಪಣ್ಣನಿಗೆ ಅಕ್ಕಿ ಗಿರಣಿ ಇತ್ತು, ಇಬ್ಬರು ಹೆಣ್ಣುಮಕ್ಕಳಿದ್ದೆವು. ನಾನು ಸೂಗಮ್ಮ, ಹಿರಿಯವಳು. ಶರಣಮ್ಮ ನನ್ನ ತಂಗಿ. ಹತ್ತನೆಯದು ಪಾಸಾಗಿದ್ದ ನನಗೆ ರಾಯಚೂರಿನ ಕಾಲೇಜಿಗೆ ಹೋಗುವ ಹುಚ್ಚು ಹಿಡಿದಿತ್ತು. ಅನ್ನ ಬಿಟ್ಟು, ಅತ್ತು, ಅಪ್ಪನ ಕಾಲು ಹಿಡಿದೆ. “ಗಿರಣಿಯವರ ಮಗಳು ಕಾಲೇಜಿಗೆ ಹೋಗಿ ಏನು ಬೀಸ್ತಾಳ?” ಎಂದು ಅಪ್ಪ ನಕ್ಕುಬಿಟ್ಟ. ಕಾಲೇಜಿಗೆ ಕಳಿಸುವ ಬದಲು, ವರಗಳ ಪರೀಕ್ಷೆಗೆ ತಯಾರು ಮಾಡಲು ಸೈಫುದ್ದೀನ್ ಮಾಸ್ತರನ್ನು ಮನೆಗೆ ಕರೆಸಿದ. ಅವರು ಹೈಸ್ಕೂಲಿನಿಂದ ನಿವೃತ್ತರಾಗಿ, ಮನೆಮನೆಗೆ ಹೋಗಿ ಪಾಠ ಹೇಳಿ ಸಂಸಾರ ನಡೆಸುತ್ತಿದ್ದವರು.

ಅಪ್ಪ ಕೇಳಿದ್ದು ಬರೀ ಅಪೋಸಿಟ್. ಮಾಸ್ತರು ಹೋಗಿ ಶಬ್ದಗಳ ಬೇರಿಗೇ ಕೈ ಹಾಕಿದರು. “ಬೇಟಿ, ಶಬ್ದಗೋಳಿಗೂ ಮನಿತನ ಇರ್ತದ. ಒಬ್ಬರ ಗುರುತು ಸಿಕ್ಕರ ಬಳಗ ಪೂರಾ ಸಿಕ್ಕಂಗ,” ಎನ್ನುವರು. ಗಿರಣಿಯಲ್ಲಿ ಚೀಲ ಹೊರುತ್ತಿದ್ದ ಹಮಾಲರನ್ನು ಕಿಟಕಿಯಿಂದ ತೋರಿಸಿ, “ಪೋರ್ಟ್ ಅಂದ್ರ ಹೊರೋದು. ಹೊರಾಂವ ಪೋರ್ಟರ್. ಹೊರಗ ಹೊತ್ತೊಯ್ದ್ರ ಎಕ್ಸ್‌ಪೋರ್ಟ್, ಒಳಗ ತಂದ್ರ ಇಂಪೋರ್ಟ್. ಕೆಳಗ ನಿಂತು ಹೊತ್ರ ಸಪೋರ್ಟ್,” ಎಂದರು. ನಾನು ಬಾಯಿ ತೆರೆದು ಕೂತೆ. ನಾಲ್ಕು ವರ್ಷ ಗಿಳಿಯಂತೆ ಉರು ಹೊಡೆದದ್ದಕ್ಕೆಲ್ಲ ಅರ್ಥವಿತ್ತೇ! ಪಕ್ಕದಲ್ಲಿ ಸೊಪ್ಪು ಸೋಸುತ್ತ ಶರಣಮ್ಮನೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮೊದಲ ವರ ರಾಯಚೂರಿನವನು, ಯಾವುದೋ ಆಫೀಸಿನಲ್ಲಿ ಗುಮಾಸ್ತ. ಹ್ಯಾಪಿಗೆ ಅನ್‌ಹ್ಯಾಪಿ ಎಂದೆ, ಪಾಸಿಬಲ್‌ಗೆ ಇಂಪಾಸಿಬಲ್, ಆನೆಸ್ಟ್‌ಗೆ ಡಿಸ್‌ಆನೆಸ್ಟ್. ಅಷ್ಟಕ್ಕೇ ಸುಮ್ಮನಿರಬೇಕಿತ್ತಂತೆ. ಒಂದೊಂದಕ್ಕೆ ಅನ್, ಇಂ, ಡಿಸ್ ಎಂದು ಒಂದೊಂದು ಮುಂಜೋಡಣೆ ಯಾಕೆ ಬರುತ್ತದೆ ಎಂದೂ ವಿವರಿಸಿದೆ. ವರ ಚಹಾದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಎರಡು ದಿನದ ಮೇಲೆ ಮಾತು ಬಂತು: “ಹುಡುಗಿ ಭಾಳ ಶಾಣ್ಯಾಕಿ ಅದಾಳ. ನಮ್ಮ ಹುಡುಗ ಮೆತ್ತಗ.”

ಅಪ್ಪ ಕೆಂಡವಾದ, ನನ್ನ ಮೇಲಲ್ಲ, ಮಾಸ್ತರ ಮೇಲೆ. “ಎಲ್ಲಾ ಸರಿ ಹೇಳೂದು ಕಲಸ್ರಿ ಅಂತ ಯಾರಂದ್ರು? ಹತ್ತಕ್ಕ ಮೂರು ತಪ್ಪಬೇಕು. ಈಕಿಗೆ ತಪ್ಪು ಕಲಸ್ರಿ!”

ಮಾಸ್ತರು ಟೋಪಿ ತೆಗೆದು, ಮತ್ತೆ ಹಾಕಿಕೊಂಡರು. ಮನೆಯಲ್ಲಿ ಹೆಂಡತಿ, ಕಾಯಿಲೆ, ಬಾಡಿಗೆ. ಮರುದಿನದಿಂದ ಶುರುವಾಯಿತು ತಪ್ಪಿನ ಪಾಠ. ಅದೇನು ಸುಲಭವೇ? “ಬಾಯಿಗೆ ಬಂದಿದ್ದು ಅಂದ್ರ ನಡಿಯೂದಿಲ್ಲ ಬೇಟಿ. ಹುಡುಗಿ ಓದ್ಯಾಳ, ಜರಾ ಮರ್ತಾಳ ಅನ್ನಿಸಬೇಕು. ಡಿಸ್‌ಹ್ಯಾಪಿ ಅನ್ನು. ಅನ್‌ಪಾಸಿಬಲ್ ಅನ್ನು.” ಸೊಗಸಾಗಿ ತಪ್ಪಬೇಕಾದರೆ ಸರಿಯಾದದ್ದು ಪೂರಾ ಗೊತ್ತಿರಬೇಕಲ್ಲ! ಆ ಎರಡು ತಿಂಗಳಲ್ಲಿ ನಾನು ಕಲಿತಷ್ಟು ಇಂಗ್ಲಿಷನ್ನು ಮುಂದೆಂದೂ ಕಲಿಯಲಿಲ್ಲ.

ಎರಡನೆಯ ವರ ದೇವದುರ್ಗದ ಹತ್ತಿ ವ್ಯಾಪಾರಿಗಳ ಮನೆಯವನು. ಅವನ ಸೋದರಮಾವ ರಾಮಲಿಂಗಪ್ಪ ಕೋಟು ಹಾಕಿಕೊಂಡು ಪರೀಕ್ಷಕನಾಗಿ ಬಂದಿದ್ದ. ಮದುವೆಯಾದ ಮೇಲೆ ಓದಿಸುವ ಪದ್ಧತಿ ತಮ್ಮಲ್ಲಿ ಇಲ್ಲವೆಂದು ಬಾಗಿಲಲ್ಲೇ ಹೇಳಿದ. ಮೂರೇ ಯಾಕೆ, ಎಲ್ಲವನ್ನೂ ತಪ್ಪು ಹೇಳಿ ಈ ಮಂದಿಯನ್ನು ಓಡಿಸುತ್ತೇನೆಂದು ಅಲ್ಲೇ ತೀರ್ಮಾನಿಸಿದೆ.

“ಹ್ಯಾಪಿ?”

“ಡಿಸ್‌ಹ್ಯಾಪಿ.”

“ಕರೆಕ್ಟ್! ಪಾಸಿಬಲ್?”

“ಅನ್‌ಪಾಸಿಬಲ್.”

“ಕರೆಕ್ಟ್! ಆನೆಸ್ಟ್?”

“ಇಮ್‌ಆನೆಸ್ಟ್,” ಎಂದೆ.

“ಶಭಾಶ್! ಹೆಂಗ ನೀರು ಕುಡದಂಗ ಹೇಳ್ತಾಳ ನೋಡ್ರಿ!” ರಾಮಲಿಂಗಪ್ಪ ತೊಡೆ ತಟ್ಟಿದ. ಅವನಿಗೆ ಪ್ರಶ್ನೆಗಳು ಮಾತ್ರ ಗೊತ್ತಿದ್ದವು, ಪುಣ್ಯಾತ್ಮ! “ವಿರೂಪಣ್ಣ, ಹುಡುಗಿ ನಮಗ ಒಪ್ಪಿಗಿ. ಸಕ್ಕರಿ ತರಸ್ರಿ.”

ಅವ್ವ ಬಸವಂತಮ್ಮ ಸಕ್ಕರೆಯ ತಟ್ಟೆ ಹಿಡಿದು ಬಂದೇಬಿಟ್ಟಳು. ಆ ಸಕ್ಕರೆ ಯಾರ ಬಾಯಿಗಾದರೂ ಬಿದ್ದರೆ ಸಂಬಂಧ ಗಟ್ಟಿ, ನನ್ನ ರಾಯಚೂರು ಮುಗಿಯಿತು. ಎದ್ದು ನಿಂತು ಅಂದೆ: “ನಾ ಹೇಳಿದ್ದೆಲ್ಲಾ ತಪ್ಪು ಅದಾವ್ರಿ.”

“ನಾ ಕರೆಕ್ಟ್ ಅಂದ ಮ್ಯಾಲ ತಪ್ಪು ಹೆಂಗ?” ಎಂದು ರಾಮಲಿಂಗಪ್ಪ ಗುಡುಗಿ, ಬಾಗಿಲ ಬಳಿ ಕೂತಿದ್ದ ಮಾಸ್ತರತ್ತ ತಿರುಗಿದ. “ಏನ್ರೀ ಮಾಸ್ತರ, ನೀವ ಹೇಳ್ರಿ. ಸರಿ ಅದಾವೋ ತಪ್ಪೋ?”

ಅಪ್ಪ ಕಣ್ಣಿನಲ್ಲೇ ಮಾಸ್ತರನ್ನು ಗದರಿಸುತ್ತಿದ್ದ. ಸರಿ ಎಂದರೆ ನನ್ನ ಮದುವೆ ಗಟ್ಟಿ. ತಪ್ಪು ಎಂದರೆ ಅವರ ಅನ್ನಕ್ಕೆ ಕಲ್ಲು. ಅವರು ನನ್ನನ್ನೊಮ್ಮೆ ನೋಡಿದರು.

“ತಪ್ಪೇ ಅದಾವ್ರಿ,” ಎಂದರು. “ಎಲ್ಲಾ ತಪ್ಪು. ಹುಡುಗೀದೇನೂ ಇಲ್ಲ, ನಾನ ಹಂಗ ಕಲಸೀನಿ.”

ಕಲಿಸೆಂದವನು ಯಾರು ಎಂದು ಅವರು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಹತ್ತು ಜನರ ಮುಂದೆ ಮುಖಭಂಗವಾದ ರಾಮಲಿಂಗಪ್ಪ ಚಪ್ಪಲಿ ಮೆಟ್ಟಿದ, ಅವನ ಹಿಂದೆ ದೇವದುರ್ಗವೆಲ್ಲ ಹೊರಟುಹೋಯಿತು. ಸಕ್ಕರೆಗೆ ಇರುವೆ ಮುತ್ತಿತು.

ಇನ್ನು ಅಪ್ಪನ ಮರ್ಯಾದೆ ಉಳಿಯಬೇಕಲ್ಲ? ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದ: “ಆ ಸೈಫುದ್ದೀನ್ ಮಾಸ್ತರ ನಮ್ಮ ಹುಡುಗೀ ಇಂಗ್ಲಿಷ್ ಪೂರಾ ಹಾಳು ಮಾಡಿದ. ರಿಪೇರಿಗೆ ಅಂತ ರಾಯಚೂರು ಕಾಲೇಜಿಗೆ ಹಾಕಾಕತ್ತೀನಿ.” ಹೇಳಿದ ಮೇಲೆ ಹಾಕದೆ ಗತಿಯಿರಲಿಲ್ಲ. ಉಪವಾಸ ಬಿದ್ದು ಕೇಳಿದಾಗ ಸಿಗದಿದ್ದ ಕಾಲೇಜು ಹೀಗೆ ಸಿಕ್ಕಿತು.

ಮಾಸ್ತರಿಗೆ ಮಾನ್ವಿಯ ಒಂದೊಂದೇ ಮನೆಯ ಬಾಗಿಲು ಮುಚ್ಚಿತು. ರಜೆಗೆ ಬಂದಾಗಲೆಲ್ಲ ನಾನು ಕಂಡವರಿಗೆ ನಿಜ ಹೇಳಿದೆ, ಜಗಳವಾಡಿದೆ. “ಪಾಪ, ಅವನ ಕಡಿಂದ ಕಲತಾಕಿ, ಈಕಿಗೇನು ತಿಳೀತದ,” ಎಂದು ನಕ್ಕರು.

ಎಂಬತ್ತಮೂರರಲ್ಲಿ ನಾನು ಬಿ.ಎ. ಮುಗಿಸಿದೆ, ಇಂಗ್ಲಿಷಿನಲ್ಲಿ ಕಾಲೇಜಿಗೇ ಮೊದಲು. ಅಪ್ಪ ಬಜಾರಿಗೆಲ್ಲ ಪೇಡೆ ಹಂಚಿ, “ಆ ಮಾಸ್ತರನ್ನ ಬಿಡಿಸಿದ್ದಕ್ಕ ಹೆಂಗ ಸುಧಾರಿಸಿದ್ಲು ನೋಡ್ರಿ!” ಎಂದ. ನನಗೆ ಮೈಯೆಲ್ಲ ಉರಿಯಿತು. ಪೇಡೆಯ ಪೊಟ್ಟಣ ಕಸಿದುಕೊಂಡು ಮಾಸ್ತರ ಮನೆಗೆ ಹೋದೆ.

ಅವರ ಹೆಂಡತಿ ಹಸೀನಾ ಬೇಗಂ ಅಂಗಳದಲ್ಲಿ ಯಾರದೋ ರವಿಕೆ ಹೊಲಿಯುತ್ತಿದ್ದರು. ಈಗ ಮನೆ ನಡೆಯುತ್ತಿದ್ದದ್ದೇ ಅದರಿಂದ. ಮಾಸ್ತರ ಮುಂದೆ ಕೂತು ಅತ್ತುಬಿಟ್ಟೆ. “ಇವತ್ತ ನಮ್ಮಪ್ಪನ್ನ ಬಜಾರದಾಗ ನಿಲ್ಲಿಸಿ ಖರೇ ಹೇಳಸ್ತೀನ್ರೀ ಸರ್. ಇಲ್ಲಾಂದ್ರ ನಾನು ಆ ಮನಿ ಮೆಟ್ಟಲಾ ಹತ್ತೂದಿಲ್ಲ.”

“ಅರೆ, ಹುಚ್ಚಿ!” ಮಾಸ್ತರು ಪೇಡೆ ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. “ಶರಣಮ್ಮಗ ಈಗ ಹತ್ತನೇದು ಆತಲ್ಲ? ಅಕೀನೂ ನಿನ್ನ ಪಕ್ಕದಾಗ ಕುಂತು ನನ್ನ ಕಡಿಂದನ ಕಲತಾಕಿ. ನಾನು ಚಲೋ ಮಾಸ್ತರ ಆಗಿಬಿಟ್ರ ಅಕೀನ್ನ ರಾಯಚೂರಿಗೆ ಯಾರು ಕಳಸ್ತಾರ?”

ಅರ್ಧ ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ಎದ್ದೆ. ಮನೆಗೆ ಬಂದೆ. ಅಪ್ಪ ಗಿರಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಹಮಾಲರು ಚೀಲ ಹೊರುತ್ತಿದ್ದರು.

“ಯಪ್ಪಾ,” ಎಂದೆ. “ಶರಣಮ್ಮನ ಇಂಗ್ಲಿಷೂ ಆ ಮಾಸ್ತರ ಪೂರಾ ಕೆಡಿಸ್ಯಾರ.”

ಮುಂದಿನ ತಿಂಗಳು ಅವಳು ರಾಯಚೂರಿನ ಬಸ್ಸು ಹತ್ತಿದಳು.